ಮಗು ಸಿಟ್ಟಾದಾಗ ಮೊದಲು ಏನು ಮಾಡಬೇಕು?

ಪೋಷಕರ ರೀತಿಗಳನ್ನು 1960ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಡಯಾನಾ ಬೌಮ್ರಿಂಡ್ ಮೂರಾಗಿ ವಿಂಗಡಿಸಿದರು: ಎದುರು ಮಾತಿಗೆ ಅವಕಾಶವಿಲ್ಲದ ಕಟ್ಟುನಿಟ್ಟು, ಕೇಳಿದ್ದನ್ನೆಲ್ಲ ಕೊಡುವ ಸಡಿಲತೆ, ಮಮತೆಯ ಜೊತೆಗೇ ನಿಯಮವನ್ನೂ ಇಡುವ ರೀತಿ. ಮಗುವಿನ ಕಡೆ ಗಮನವನ್ನೇ ಕೊಡದಿರುವುದು 1983ರಲ್ಲಿ ಸೇರಿದ ನಾಲ್ಕನೆಯ ಬಗೆ. ಆದರೆ ಬೆಳಿಗ್ಗೆ ಶಾಲೆಯ ವ್ಯಾನ್ ತಪ್ಪೀತೆಂದು ಗದರುವ ತಂದೆಯೇ, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿ ತಡವಾಗಿ ಮನೆಗೆ ಬಂದ ರಾತ್ರಿ, ಹೊತ್ತು ಕೊಡಲಾಗಲಿಲ್ಲವೆಂಬ ಅಳುಕಿನಿಂದ ಮೊಬೈಲನ್ನು ಮಗುವಿನ ಕೈಗಿಡುತ್ತಾನೆ. ಆದ್ದರಿಂದ ನಾವು ಯಾವ ಬಗೆಯವರೆಂದು ತೀರ್ಮಾನಿಸುವುದಕ್ಕಿಂತ, ಮಗು ಅತ್ತಾಗ ಅಥವಾ ಸಿಟ್ಟಾದಾಗ ಮೊದಲ ಕೆಲವು ನಿಮಿಷ ಏನು ಮಾಡುತ್ತೇವೆಂದು ಗಮನಿಸುವುದು ಹೆಚ್ಚು ಉಪಯುಕ್ತ.

ಮೂರನೇ ತರಗತಿಯ ಹುಡುಗನೊಬ್ಬ ಬಾಗಿಲಲ್ಲೇ ಬ್ಯಾಗ್ ಎಸೆದು, "ನಾಳೆಯಿಂದ ಸ್ಕೂಲಿಗೆ ಹೋಗಲ್ಲ" ಎನ್ನುತ್ತಾನೆಂದು ಇಟ್ಟುಕೊಳ್ಳಿ. ತಕ್ಷಣ ಬುದ್ಧಿ ಹೇಳಬೇಡಿ, "ಅಷ್ಟಕ್ಕೆಲ್ಲ ಅಳ್ತಾರಾ" ಎಂದು ತಳ್ಳಿಹಾಕಲೂಬೇಡಿ. ಅವನ ಎತ್ತರಕ್ಕೆ ಕುಳಿತು, "ತುಂಬಾ ಸಿಟ್ಟು ಬಂದಿದೆ ಅಲ್ವಾ ಪುಟ್ಟಾ, ಏನಾಯ್ತು?" ಎಂದು ಕೇಳಿ ಸುಮ್ಮನಿರಿ, ಸುಮ್ಮನಿರುವುದೇ ಇದರಲ್ಲಿ ಕಷ್ಟದ ಭಾಗ. ಕ್ರಿಕೆಟ್ ಆಟಕ್ಕೆ ಗೆಳೆಯರು ಸೇರಿಸಿಕೊಳ್ಳಲಿಲ್ಲವೆಂಬುದು ಆಗ ಹೊರಬಂದರೆ, ಸಿಟ್ಟಿನ ಅಡಿಯಲ್ಲಿದ್ದದ್ದು ಅವಮಾನವೆಂದು ನಿಮಗೂ ಅವನಿಗೂ ತಿಳಿಯುತ್ತದೆ. "ಎಲ್ಲರ ಮುಂದೆ ಅವಮಾನ ಆಯ್ತಾ?" ಎಂದು ಅದನ್ನು ಹೆಸರಿಸಿ. ಅವನು ಸಮಾಧಾನಗೊಂಡ ನಂತರ ಬ್ಯಾಗ್ ಎತ್ತಿಡಲು ಹೇಳುವುದನ್ನು ಮರೆಯಬಾರದು: ಸಿಟ್ಟು ಬರುವುದು ತಪ್ಪಲ್ಲ, ವಸ್ತು ಎಸೆಯುವುದು ತಪ್ಪು. ನಾಳೆ ಏನು ಮಾಡಬಹುದೆಂಬ ಉಪಾಯ ಮೊದಲು ಅವನ ಬಾಯಿಂದಲೇ ಬರಲಿ. ಸಂಶೋಧಕ ಜಾನ್ ಗಾಟ್‌ಮನ್ 1990ರ ದಶಕದಲ್ಲಿ ವಿವರಿಸಿದ ಭಾವನಾ ತರಬೇತಿಯ ಕ್ರಮವೂ ಹೆಚ್ಚುಕಡಿಮೆ ಇದೇ.

ಅಜ್ಜಿ-ತಾತ ಜೊತೆಗಿರುವ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಮಗು ಎಡವಿ ಬಿದ್ದಾಗ ನೆಲಕ್ಕೆ ಹೊಡೆದು ಸಮಾಧಾನಪಡಿಸುವುದು ಪ್ರೀತಿಯಿಂದಲೇ, ಆದರೆ ಮಗು ಅದರಿಂದ ನೋವಿಗೆ ಬೇರೆಯವರನ್ನು ದೂರುವುದನ್ನು ಕಲಿಯಬಹುದು. "ಗಂಡು ಹುಡುಗ ಅಳ್ತಾನೇನೋ" ಎಂಬ ಮಾತು ನನ್ನ ಲೆಕ್ಕದಲ್ಲಿ ಅದಕ್ಕಿಂತ ಹೆಚ್ಚು ಹಾನಿಕರ. ಹಿರಿಯರನ್ನು ಮಗುವಿನೆದುರು ತಿದ್ದದೆ, ಮಗು ಮಲಗಿದ ಮೇಲೆ ನಿಧಾನವಾಗಿ ಮಾತನಾಡುವುದು ಲೇಸು. ನೀವೇ ಕೂಗಾಡಿದ ದಿನ, "ಆಫೀಸಿನ ಸಿಟ್ಟನ್ನು ನಿನ್ನ ಮೇಲೆ ತೋರಿಸಿದೆ, ತಪ್ಪಾಯ್ತು" ಎಂದರೆ ಸಾಕು. ಅದಕ್ಕೆ ಪ್ರತಿಯಾಗಿ ಐಸ್‌ಕ್ರೀಮ್ ಬೇಕಿಲ್ಲ.

ಸಿಟ್ಟು, ಅಳು ಅಥವಾ ಮೌನ ವಾರಗಟ್ಟಲೆ ಮುಂದುವರಿದು ನಿದ್ರೆ, ಊಟ, ಶಾಲೆಗೆ ಅಡ್ಡಿಯಾಗುತ್ತಿದ್ದರೆ ಮನೆಯ ಪ್ರಯತ್ನವಷ್ಟೇ ಸಾಲದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ. ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೂ ಉಚಿತವಾಗಿ ಸಲಹೆ ಪಡೆಯಬಹುದು.