ಒಂದೂವರೆ ವರ್ಷಕ್ಕೆ ಮೂರು ಕೆಜಿ

ಪಿಸಿಒಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪೋ ತೊಂದರೆ) ಜೊತೆ ಏಗ್ತಿರೋರಿಗೆ ಮೆಟ್‌ಫಾರ್ಮಿನ್ ಏನೂಂತ ಹೇಳಬೇಕಾಗಿಲ್ಲ. ಮಿಕ್ಕವರಿಗೆ: ಅದು ಶುಗರ್ ಕಾಯಿಲೆಯ ಮಾತ್ರೆ, ಪಿಸಿಒಎಸ್‌ಗೂ ಕೊಡ್ತಾರೆ. ಒಂದೂವರೆ ವರ್ಷ ನುಂಗಿದೀನಿ. 81 ಕೆಜಿ ಇದ್ದದ್ದು 78ರ ಹತ್ತಿರ ಬಂದಿದೆ, ಅಷ್ಟೇ. "ಇಷ್ಟಕ್ಕಾ ಇಷ್ಟು ಓಡಾಟ?" ಅಂದ್ರು ನಮ್ಮತ್ತೆ. ಆದರೆ ವರ್ಷಕ್ಕೆ ಮೂರೋ ನಾಲ್ಕೋ ಸಲ ಆಗ್ತಿದ್ದ ಮುಟ್ಟು ಈಗ 35 ದಿನದೊಳಗೆ ಆಗ್ತಿದೆ. ಏಳು ತಿಂಗಳಿಂದ ಒಂದೂ ತಪ್ಪಿಲ್ಲ.

ಮೊದಲ ಸಲ ಮಂಡ್ಯದಲ್ಲಿ ಬರೆದುಕೊಟ್ಟವರು "ತೂಕ ತಾನಾಗೇ ಇಳಿಯುತ್ತೆ" ಅಂದಿದ್ರು. ಮೆಡಿಕಲ್ ಶಾಪಿನವನು "ಶುಗರ್ ಮಾತ್ರೆ ನಿಮಗ್ಯಾಕೆ ಮೇಡಂ?" ಅಂತ ಎಲ್ಲರ ಮುಂದೆ ಕೇಳಿದ. ಮರುದಿನ ಬೆಳಗ್ಗೆ ಬರೀ ಕಾಫಿ ಕುಡಿದು, ಮಾತ್ರೆ ನುಂಗಿ ಮೈಸೂರು ರೈಲು ಹತ್ತಿದೆ. ಪಾಂಡವಪುರ ದಾಟೋ ಹೊತ್ತಿಗೆ ಹೊಟ್ಟೆಯಲ್ಲಿ ಕಟ್ಟೆ ಒಡೆದಂಗಾಯ್ತು. ಶೌಚಾಲಯದ ಮುಂದೆ ಮೂರು ಜನ ಸಾಲಲ್ಲಿ ನಿಂತಿದ್ರು. ಮಿಕ್ಕಿದ್ದು ಕೇಳಬೇಡಿ. ಎರಡು ವಾರಕ್ಕೇ ಬಿಟ್ಟೆ.

ಆಮೇಲೆ ದುಡ್ಡು ಹೋಯ್ತು. ತೂಕ ಇಳಿಸೋ ಪುಡಿ ಡಬ್ಬಕ್ಕೆ ಮೂರೂಮುಕ್ಕಾಲು ಸಾವಿರ, ನಾಲ್ಕು ಡಬ್ಬ. ಪಿಸಿಒಎಸ್‌ಗೆ ಅಂತ ಮಾರೋ ಇನಾಸಿಟಾಲ್ ಪುಡಿಯ ಸ್ಯಾಶೆ ತಿಂಗಳಿಗೆ ಒಂಬೈನೂರು ಚಿಲ್ಲರೆ. ಮೆಟ್‌ಫಾರ್ಮಿನ್ ಮಾತ್ರ ಒಂದು ಮಸಾಲೆ ದೋಸೆ ದುಡ್ಡಿಗೆ ಹತ್ತು ದಿನ ನಡೆಯುತ್ತೆ.

ಎರಡನೇ ಸಲ ಮೈಸೂರಿನ ಹಾರ್ಮೋನ್ ಡಾಕ್ಟರು ನಿಧಾನವಾಗಿ ಕರಗೋ ಎಸ್‌ಆರ್ ಮಾತ್ರೆ ಕೊಟ್ರು. ರಾತ್ರಿ ಊಟ ಮುಗಿಸಿಯೇ ತಗೋಬೇಕು. 500 ಮಿಲಿಗ್ರಾಂನಿಂದ ಶುರು, ಎರಡೆರಡು ವಾರ ಬಿಟ್ಟು ಏರಿಸಿ 1500ಕ್ಕೆ ನಿಲ್ಲಿಸಿದ್ರು. "ಇದು ತೂಕದ ಮಾತ್ರೆ ಅಲ್ಲಮ್ಮ, ಎರಡು ಮೂರು ಕೆಜಿ ಇಳಿದ್ರೆ ಇಳೀತು" ಅಂತ ಅವರು ಮೊದಲೇ ಹೇಳಿದ್ದಕ್ಕೇ ನಾನು ಈ ಸಲ ತಾಳಿಕೊಂಡದ್ದು. ತೂಕದ ಮಷೀನು ಅಟ್ಟ ಹತ್ತಿತು. ಅಮ್ಮ ಕಡ್ಲೆಹಿಟ್ಟು ಹಾಕಿ ಉಜ್ಜಿ ಉಜ್ಜಿ ಸೋತಿದ್ದ, ಪಿಸಿಒಎಸ್ ಜೊತೆಗೇ ಬಂದಿದ್ದ ಕತ್ತಿನ ಕಪ್ಪು ಆರೇಳು ತಿಂಗಳಲ್ಲಿ ತಿಳಿಯಾಯ್ತು. ಫೋಟೋ ಇಟ್ಟಿದೀನಿ, ನಂಬದವರಿಗೆ ತೋರಿಸೋಕೆ.

ನಡುವೆ ಅಪ್ಪನ ಗ್ಲುಕೋಮೀಟರ್ ಕದ್ದು ಒಂದಷ್ಟು ಪ್ರಯೋಗ ಮಾಡಿದೆ. ಎರಡು ಮುದ್ದೆ ಉಂಡರೆ ಒಂದು ಗಂಟೆಗೆ ಶುಗರ್ 170ರ ಆಸುಪಾಸು. ಒಂದೇ ಮುದ್ದೆ, ಹುರುಳಿಕಾಳಿನ ಉಪ್ಸಾರು, ಮುಷ್ಟಿ ತುಂಬ ಸೊಪ್ಪು ಆದ್ರೆ 140. ಆಲೆಮನೆ ಪಕ್ಕ ಬೆಳೆದವಳು ನಾನು, ಬೆಲ್ಲದ ಕಾಫಿ ತಂಪು, ಒಳ್ಳೇದು ಅಂತ ನಂಬಿದ್ದೆ. ಮೀಟರಿಗೆ ಬೆಲ್ಲಾನೂ ಒಂದೇ, ಸಕ್ಕರೆನೂ ಒಂದೇ.

ಒಂದು ಪೆಟ್ಟೂ ಬಿತ್ತು. ವರ್ಷ ತುಂಬೋ ಹೊತ್ತಿಗೆ ಪಾದ ಜುಮ್ ಅನ್ನೋಕೆ ಶುರುವಾಯ್ತು. ಚಪ್ಪಲಿ ಅಂದ್ಕೊಂಡು ಎರಡು ಜೊತೆ ಬದಲಾಯಿಸಿದೆ. ಕೊನೆಗೆ ನೋಡಿದ್ರೆ ಬಿ12 ವಿಟಮಿನ್ ತಳ ಸೇರಿತ್ತು. ಈ ಮಾತ್ರೆ ತುಂಬಾ ದಿನ ತಗೊಂಡ್ರೆ ಹಾಗಾಗಬಹುದಂತೆ, ಯಾರೂ ಹೇಳಿರಲಿಲ್ಲ. ಈಗ ಅದಕ್ಕೂ ಮಾತ್ರೆ.

ಇನ್ನೊಂದು, ಮುಟ್ಟು ಸರಿಯಾದ್ರೆ ಬಸಿರೂ ಆಗಬಹುದು. ಬೇಡ ಅನ್ನೋರು ಮೊದಲೇ ಡಾಕ್ಟರ ಹತ್ತಿರ ಮಾತಾಡಿ. ನನ್ನ ಎದೆಯೂ ಒಂದು ಸಲ 34ನೇ ದಿನ ಧಸಕ್ ಅಂದಿತ್ತು.

ಗ್ಲುಕೋಮೀಟರಿಗೆ ಸುರಿದ ಸ್ಟ್ರಿಪ್‌ಗಳ ಲೆಕ್ಕ ಅಪ್ಪನಿಗೆ ಇನ್ನೂ ಕೊಟ್ಟಿಲ್ಲ.