ಡೇಟಾ ಈಗ ಎಲ್ಲಿದೆ? ಕಂಪ್ಯೂಟರ್ ಕಲಿಯಲು ಶುರು ಮಾಡಿದವರಿಗೆ

ಕಂಪ್ಯೂಟರ್ ಕಲಿಯಲು ಬಂದವರಲ್ಲಿ ಬಹಳ ಜನ ಮೊದಲ ವಾರವೇ ಉರು ಹೊಡೆಯಲು ಕೂರುತ್ತಾರೆ. ರ‍್ಯಾಮ್ ಅಂದರೆ ರ‍್ಯಾಂಡಮ್ ಆಕ್ಸೆಸ್ ಮೆಮೊರಿ, ಇನ್‌ಪುಟ್ ಸಾಧನಗಳು ಇವು, ಔಟ್‌ಪುಟ್ ಸಾಧನಗಳು ಇವು. ಪರೀಕ್ಷೆಗೆ ಇಷ್ಟು ಸಾಕಾಗಬಹುದು. ಆದರೆ ಕಂಪ್ಯೂಟರ್ ಇದ್ದಕ್ಕಿದ್ದ ಹಾಗೆ ತೆವಳಲು ಶುರು ಮಾಡಿದಾಗ, ಅಥವಾ ವೈಫೈ ಗೆರೆಗಳೆಲ್ಲ ತುಂಬಿದ್ದರೂ ಒಂದು ಪೇಜ್ ಕೂಡ ತೆರೆಯದಿದ್ದಾಗ, ಉರು ಹೊಡೆದ ಸಾಲುಗಳು ನೆರವಿಗೆ ಬರುವುದಿಲ್ಲ.

ಹೊಸಬರಿಗೆ ಹೇಳಿಕೊಡುವಾಗ ನಾನು ಒಂದೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಡೇಟಾ ಈಗ ಎಲ್ಲಿದೆ, ಅದು ಮುಂದೆ ಎಲ್ಲಿಗೆ ಹೋಗಬೇಕು? ಹಾರ್ಡ್‌ವೇರ್ ಇರಲಿ, ಮೆಮೊರಿ ಇರಲಿ, ನೆಟ್‌ವರ್ಕ್ ಇರಲಿ, ಈ ಪ್ರಶ್ನೆ ಹಿಡಿದುಕೊಂಡು ಹೊರಟರೆ ದಾರಿ ತಪ್ಪುವುದು ಕಡಿಮೆ. ಸಾಧ್ಯವಾದರೆ ಒಂದು ಕಂಪ್ಯೂಟರ್ ಮುಂದೆ ಕೂತು ಇದನ್ನು ಓದಿ, ಏಕೆಂದರೆ ಇಲ್ಲಿ ಹೇಳುವುದರಲ್ಲಿ ಹೆಚ್ಚಿನದನ್ನು ನೀವೇ ಕಣ್ಣಾರೆ ನೋಡಬಹುದು.

ಪೆಟ್ಟಿಗೆಯ ಒಳಗೆ

ಮೊದಲು ಒಂದು ತಪ್ಪು ಸರಿ ಮಾಡಿಕೊಳ್ಳೋಣ. ಡೆಸ್ಕ್‌ಟಾಪ್‌ನ ದೊಡ್ಡ ಪೆಟ್ಟಿಗೆಯನ್ನೇ ಸಿಪಿಯು ಅಂತ ಕರೆಯುವವರು ಜಾಸ್ತಿ. ಆ ಪೆಟ್ಟಿಗೆ ಬರೀ ಕ್ಯಾಬಿನೆಟ್. ಸಿಪಿಯು ಅಂದರೆ ಅದರೊಳಗೆ ಫ್ಯಾನ್ ಮತ್ತು ಹೀಟ್‌ಸಿಂಕ್ ಕೆಳಗೆ ಅಡಗಿರುವ, ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದಷ್ಟು ಚಿಕ್ಕ ಚಿಪ್. ಅದು ಕೂತಿರುವ ದೊಡ್ಡ ಹಲಗೆ ಮದರ್‌ಬೋರ್ಡ್. ಒಂದು ಭಾಗದಿಂದ ಇನ್ನೊಂದಕ್ಕೆ ಡೇಟಾ ಹೋಗುವ ದಾರಿಗಳೆಲ್ಲ ಈ ಹಲಗೆಯಲ್ಲೇ ಇವೆ. ಮೂಲೆಯಲ್ಲಿರುವ ಎಸ್‌ಎಂಪಿಎಸ್ ಗೋಡೆಯಿಂದ ಬರುವ ಕರೆಂಟನ್ನು 12, 5 ಮತ್ತು 3.3 ವೋಲ್ಟ್‌ಗೆ ಇಳಿಸಿ ಎಲ್ಲರಿಗೂ ಹಂಚುತ್ತದೆ. ಹಲಗೆಯ ಮೇಲೆ ನಾಣ್ಯದಂಥ ಒಂದು ಪುಟ್ಟ ಬ್ಯಾಟರಿಯೂ ಇರುತ್ತದೆ, ಕರೆಂಟ್ ಇಲ್ಲದಾಗಲೂ ಕಂಪ್ಯೂಟರ್‌ನ ತಾರೀಖು, ಸಮಯ ನಡೆಸುವುದು ಅದೇ. ಪ್ರತಿ ಸಲ ಆನ್ ಮಾಡಿದಾಗ ತಾರೀಖು ಹಳೆಯದಕ್ಕೆ ಹೋಗಿ ನಿಲ್ಲುತ್ತಿದ್ದರೆ ಮೊದಲು ಅದನ್ನು ಬದಲಿಸಿ ನೋಡಿ.

ಸಿಪಿಯು ಮಾಡುವ ಕೆಲಸ ಹೇಳಲು ಸುಲಭ. ಒಂದು ಸೂಚನೆ ತರುತ್ತದೆ, ಅದು ಏನು ಹೇಳುತ್ತಿದೆ ಅಂತ ನೋಡುತ್ತದೆ, ಮಾಡುತ್ತದೆ, ಮುಂದಿನದನ್ನು ತರುತ್ತದೆ. ಬೆರಗು ಇರುವುದು ವೇಗದಲ್ಲಿ. 3 ಗಿಗಾಹರ್ಟ್ಸ್ ಅಂದರೆ ಅದರ ಗಡಿಯಾರ ಸೆಕೆಂಡಿಗೆ 300 ಕೋಟಿ ಸಲ ಮಿಡಿಯುತ್ತದೆ. ಒಂದು ಮಿಡಿತದಿಂದ ಇನ್ನೊಂದಕ್ಕೆ ಇರುವ ಬಿಡುವಿನಲ್ಲಿ ಬೆಳಕು ಕೂಡ ಬರೀ 10 ಸೆಂಟಿಮೀಟರ್ ಹೋಗುತ್ತದೆ! ಅಂದರೆ ಈ ವೇಗದಲ್ಲಿ ಡೇಟಾ ಒಂದು ಗೇಣು ದೂರ ಇದ್ದರೂ ಅದು ದೂರವೇ. ಅದಕ್ಕೇ ಸಿಪಿಯು ತನಗೆ ಮತ್ತೆ ಮತ್ತೆ ಬೇಕಾದ ಡೇಟಾವನ್ನು ಚಿಪ್ಪಿನ ಒಳಗೇ, ಕ್ಯಾಶ್ ಅನ್ನುವ ಚಿಕ್ಕ ಜಾಗದಲ್ಲಿ ಇಟ್ಟುಕೊಳ್ಳುತ್ತದೆ.

ಮೆಮೊರಿ: ಇಲ್ಲಿ ಸ್ವಲ್ಪ ನಿಲ್ಲಿ

ಕ್ಯಾಶ್, ಈಗ ನಡೆಯುತ್ತಿರುವ ಕೆಲಸದ ಡೇಟಾ ಇರುವ ರ‍್ಯಾಮ್, ಫೈಲ್‌ಗಳನ್ನು ಉಳಿಸಿಡುವ ಎಸ್‌ಎಸ್‌ಡಿ ಮತ್ತು ಹಾರ್ಡ್ ಡಿಸ್ಕ್. ಡೇಟಾ ಇಡಲು ಇಷ್ಟೊಂದು ಜಾಗ ಯಾಕೆ, ಒಂದೇ ಸಾಲದೇ? ಇದು ಒಳ್ಳೆಯ ಪ್ರಶ್ನೆ. ಉತ್ತರ ಸಮಯದಲ್ಲಿದೆ, ಆದರೆ ನ್ಯಾನೋಸೆಕೆಂಡ್, ಮೈಕ್ರೋಸೆಕೆಂಡ್ ಅಂದರೆ ನಮ್ಮ ಮನಸ್ಸಿಗೆ ಏನೂ ಹತ್ತುವುದಿಲ್ಲ. ಆದ್ದರಿಂದ ಒಂದು ಲೆಕ್ಕ ಮಾಡೋಣ. 1 ನ್ಯಾನೋಸೆಕೆಂಡನ್ನು 1 ಸೆಕೆಂಡ್ ಅಂತ ಹಿಗ್ಗಿಸಿಕೊಳ್ಳಿ. ಆಗ ತೀರಾ ಹತ್ತಿರದ ಕ್ಯಾಶ್‌ನಿಂದ ಡೇಟಾ ಬರಲು ಸುಮಾರು 1 ಸೆಕೆಂಡ್ ಸಾಕು. ರ‍್ಯಾಮ್‌ನಿಂದ ಬರಲು 100 ಸೆಕೆಂಡ್ ಹತ್ತಿರ, ಅಂದರೆ ಒಂದೂವರೆ ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ. ಎಸ್‌ಎಸ್‌ಡಿಯಿಂದ ಬರಲು ಒಂದು ದಿನಕ್ಕೂ ಮಿಕ್ಕಿ ಬೇಕು. ಇನ್ನು ತಿರುಗುವ ಹಾರ್ಡ್ ಡಿಸ್ಕ್‌ನಿಂದ? ಹತ್ತಿರ ಹತ್ತಿರ 4 ತಿಂಗಳು.

ಇದನ್ನು ಮೊದಲ ಸಲ ಲೆಕ್ಕ ಹಾಕಿದಾಗ ನಾನು ಮತ್ತೆ ಮತ್ತೆ ಕೂಡಿ ನೋಡಿದ್ದೆ, ನಂಬಿಕೆಯೇ ಬರಲಿಲ್ಲ. ಆದರೆ ಕಾರಣ ನೋಡಿದರೆ ಸಹಜ ಅನ್ನಿಸುತ್ತದೆ. ಹಾರ್ಡ್ ಡಿಸ್ಕ್‌ನ ಒಳಗೆ ನಿಜವಾಗಿ ಒಂದು ತಟ್ಟೆ ತಿರುಗುತ್ತಿದೆ. ನಿಮಿಷಕ್ಕೆ 7200 ಸುತ್ತು ಅಂದರೆ ಒಂದು ಸುತ್ತಿಗೆ 8 ಮಿಲಿಸೆಕೆಂಡ್‌ಗೂ ಸ್ವಲ್ಪ ಹೆಚ್ಚು. ಓದುವ ತೋಳು ಸರಿಯಾದ ಗೆರೆಗೆ ಹೋಗಿ, ಬೇಕಾದ ಜಾಗ ತಿರುಗಿ ಅದರ ಕೆಳಗೆ ಬರುವ ತನಕ ಸಿಪಿಯು ಕಾಯಲೇಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದು ಯಾವುದೂ ಇಲ್ಲ. ಹಳೆಯ ಕಂಪ್ಯೂಟರ್‌ಗೆ ಯಾವುದಾದರೂ ಒಂದೇ ಭಾಗ ಬದಲಿಸಲು ಸಾಧ್ಯ ಅಂತಾದರೆ, ಅದರಲ್ಲಿ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿ ಅನ್ನುವುದು ನನ್ನ ಖಚಿತ ಸಲಹೆ.

ಹಾಗಾದರೆ ಎಲ್ಲವನ್ನೂ ರ‍್ಯಾಮ್‌ನಲ್ಲೇ ಇಡಬಹುದಲ್ವಾ? ಆಗುವುದಿಲ್ಲ, ಕರೆಂಟ್ ಹೋದರೆ ಅದರಲ್ಲಿರುವುದೆಲ್ಲ ಅಳಿದುಹೋಗುತ್ತದೆ. ರ‍್ಯಾಮ್‌ನ ಒಂದೊಂದು ಬಿಟ್ (ಅಂದರೆ ಒಂದು 0 ಅಥವಾ 1) ಕೂಡ ಒಂದು ಪುಟ್ಟ ಕೆಪಾಸಿಟರ್‌ನಲ್ಲಿ ತುಂಬಿದ ಚಾರ್ಜ್. ಈ ಕೆಪಾಸಿಟರ್‌ಗಳು ಸೋರುತ್ತವೆ. ಅದಕ್ಕೇ ಸಾಮಾನ್ಯವಾಗಿ 64 ಮಿಲಿಸೆಕೆಂಡ್ ಒಳಗೆ ಪ್ರತಿಯೊಂದು ಸಾಲನ್ನೂ ಓದಿ ಮತ್ತೆ ತುಂಬುತ್ತಾ ಇರಬೇಕು. ನೀವು ಏನೂ ಮಾಡದೆ ಸುಮ್ನೆ ಕೂತಿದ್ದಾಗಲೂ ಈ ಕೆಲಸ ನಡೆಯುತ್ತಲೇ ಇರುತ್ತದೆ. ಓದುತ್ತಿದ್ದ ದಿನಗಳಲ್ಲಿ ನಾನು ಮೂರು ಗಂಟೆ ಟೈಪ್ ಮಾಡಿದ ಪ್ರಾಜೆಕ್ಟ್ ವರದಿ ಕರೆಂಟ್ ಹೋಗಿ ಪೂರ್ತಿ ಕಳೆದುಹೋಯಿತು. ಸ್ಕ್ರೀನ್ ಮೇಲೆ ಕಾಣುತ್ತಿತ್ತು, ಆದ್ದರಿಂದ ಅದು ಇದೆ ಅಂದುಕೊಂಡಿದ್ದೆ. ಅದು ಇದ್ದದ್ದು ರ‍್ಯಾಮ್‌ನಲ್ಲಿ ಮಾತ್ರ. ಸೇವ್ ಒತ್ತುವುದು ಅಂದರೆ ರ‍್ಯಾಮ್‌ನಲ್ಲಿರುವುದನ್ನು ಡಿಸ್ಕ್‌ಗೆ ಬರೆಯುವುದು. ಈ ಒಂದು ವಾಕ್ಯ ಅರ್ಥವಾದರೆ ಮೆಮೊರಿಯ ಅರ್ಧ ಪಾಠ ಮುಗಿದಂತೆ.

ಈಗ ನೋಡುವ ಕೆಲಸ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಅನ್ನುವ ಭಾಗಕ್ಕೆ ಹೋದರೆ ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ನಾಲ್ಕರ ಗೆರೆಗಳೂ ಓಡುತ್ತಿರುತ್ತವೆ. ಮೆಮೊರಿ ಮೇಲೆ ಕಣ್ಣಿಟ್ಟು ಬ್ರೌಸರ್‌ನಲ್ಲಿ ಒಂದೊಂದಾಗಿ ಇಪ್ಪತ್ತು ಟ್ಯಾಬ್ ತೆರೆಯಿರಿ. ಗೆರೆ ಮೇಲೇರುತ್ತಾ ಹೋಗುತ್ತದೆ. ರ‍್ಯಾಮ್ ತುಂಬುತ್ತಾ ಬಂದಾಗ ವಿಂಡೋಸ್ ಅದರಲ್ಲಿ ಸದ್ಯಕ್ಕೆ ಬೇಡವಾದದ್ದನ್ನು ಡಿಸ್ಕ್‌ನಲ್ಲಿರುವ ಪೇಜ್ ಫೈಲ್‌ಗೆ ಸಾಗಿಸುತ್ತದೆ. ನೀವು ಆ ಹಳೆಯ ಟ್ಯಾಬ್ ಒತ್ತಿದಾಗ ಅಲ್ಲಿಂದ ವಾಪಸ್ ತರಬೇಕು. ಒಂದೂವರೆ ನಿಮಿಷದ ಕೆಲಸ ಒಂದು ದಿನದ್ದೋ ನಾಲ್ಕು ತಿಂಗಳದ್ದೋ ಆಗುವುದು ಇಲ್ಲೇ. ಕಂಪ್ಯೂಟರ್ ತೆವಳುವುದು ಅಂತ ನಾವು ಹೇಳುವುದು ಬಹಳ ಸಲ ಇದನ್ನೇ.

ಹಾಗಾಗಿ ನಿಧಾನ ಅನ್ನಿಸಿದ ತಕ್ಷಣ ಏನನ್ನೂ ಕೊಳ್ಳಲು ಹೋಗಬೇಡಿ, ಮೊದಲು ಈ ಗೆರೆಗಳನ್ನು ನೋಡಿ. ಮೆಮೊರಿ ಶೇಕಡಾ 90ರ ಮೇಲೆ ನಿಂತು ಡಿಸ್ಕ್ ಕೂಡ ಓಡುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಮೆಮೊರಿ ಖಾಲಿ ಇದ್ದು ಡಿಸ್ಕ್ ಮಾತ್ರ ಶೇಕಡಾ 100 ಇದ್ದರೆ ಡಿಸ್ಕ್ ನಿಧಾನವಾಗಿದೆ, ಇಲ್ಲವೇ ಯಾವುದೋ ಅಪ್‌ಡೇಟ್ ಅದನ್ನು ಹಿಡಿದಿಟ್ಟಿದೆ. ಸಿಪಿಯು ಮೇಲೇರಿ ಅಲ್ಲೇ ನಿಂತಿದ್ದರೆ ಪ್ರೋಸೆಸಸ್ ಪಟ್ಟಿಯಲ್ಲಿ ಯಾವ ಪ್ರೋಗ್ರಾಮ್ ಮೇಲಿದೆ ನೋಡಿ.

ರ‍್ಯಾಮ್ ಹಾಕಬೇಕಾಗಿ ಬಂದರೆ ಹೆದರುವಂಥದ್ದೇನಿಲ್ಲ, ಆದರೆ ಆತುರ ಬೇಡ. ಮದರ್‌ಬೋರ್ಡ್ ಯಾವ ಬಗೆಯದನ್ನು ಒಪ್ಪುತ್ತದೆ ಅಂತ ಮೊದಲು ನೋಡಿ. ಡಿಡಿಆರ್4 ಜಾಗದಲ್ಲಿ ಡಿಡಿಆರ್5 ಕೂರುವುದಿಲ್ಲ, ಎರಡರಲ್ಲೂ ಕಚ್ಚು ಬೇರೆ ಬೇರೆ ಕಡೆ ಇದೆ. ಲ್ಯಾಪ್‌ಟಾಪ್‌ಗಳಲ್ಲಿ ಗಿಡ್ಡ ಪಟ್ಟಿ ಬರುತ್ತದೆ, ಕೆಲವದರಲ್ಲಿ ರ‍್ಯಾಮನ್ನು ಬೋರ್ಡ್‌ಗೇ ಬೆಸೆದಿರುತ್ತಾರೆ, ಆಗ ಬದಲಿಸಲು ಆಗುವುದಿಲ್ಲ. ಡೆಸ್ಕ್‌ಟಾಪ್ ಆದರೆ ಶಟ್ ಡೌನ್ ಮಾಡಿ ಕೇಬಲ್ ಕಿತ್ತು, ಒಳಗೆ ಉಳಿದ ಚಾರ್ಜ್ ಹೋಗಲಿ ಅಂತ ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ, ಏಕೆಂದರೆ ನಮ್ಮ ಮೈಯಲ್ಲಿರುವ ಸ್ಥಿರ ವಿದ್ಯುತ್ ನಮಗೆ ಗೊತ್ತೇ ಆಗದಂತೆ ಚಿಪ್ಪನ್ನು ಕೆಡಿಸಬಲ್ಲದು. ಕಚ್ಚು ಹೊಂದಿಸಿ ಎರಡೂ ತುದಿ ಸಮನಾಗಿ ಒತ್ತಿ, ಕ್ಲಿಪ್ ಟಕ್ ಅನ್ನಬೇಕು. ಆನ್ ಮಾಡಿದಾಗ ಸ್ಕ್ರೀನ್ ಮೇಲೆ ಏನೂ ಬರದಿದ್ದರೆ ಗಾಬರಿ ಬೇಡ. ಮತ್ತೆ ಪವರ್ ಕಿತ್ತು, ರ‍್ಯಾಮ್ ತೆಗೆದು ಇನ್ನೊಮ್ಮೆ ಸರಿಯಾಗಿ ಕೂರಿಸಿ. ಬಹಳ ಸಲ ತೊಂದರೆ ಅಷ್ಟರಲ್ಲೇ ಇರುತ್ತದೆ.

ಹೋಗುವ ಮುಂಚೆ ಇನ್ನೊಂದು ಮಾತು. 1 ಟಿಬಿ ಡಿಸ್ಕ್ ತಂದರೆ ವಿಂಡೋಸ್ 931 ಜಿಬಿ ತೋರಿಸುತ್ತದೆ. ಯಾರೂ ಮೋಸ ಮಾಡಿಲ್ಲ. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಬೈಟ್‌ಗಳು ಅಷ್ಟೇ ಇವೆ.

ಕಂಪ್ಯೂಟರ್‌ನಿಂದ ಹೊರಗೆ

ನೆಟ್‌ವರ್ಕ್ ಅಂದರೆ ನಿಮಗೆ ಬೇಕಾದ ಡೇಟಾ ಬೇರೆಯವರ ಡಿಸ್ಕ್‌ನಲ್ಲಿದೆ ಅಂತ ಅರ್ಥ. ಅದು ಅಲ್ಲಿಂದ ಇಡಿಯಾಗಿ ಬರುವುದಿಲ್ಲ. 3 ಎಂಬಿ ಫೋಟೋ ಒಂದನ್ನು ಕಳಿಸಿದರೆ ಅದು ಸುಮಾರು ಎರಡು ಸಾವಿರ ತುಂಡುಗಳಾಗಿ ಹೊರಡುತ್ತದೆ, ಏಕೆಂದರೆ ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ ಸಾಮಾನ್ಯವಾಗಿ 1500 ಬೈಟ್ ಮೀರುವುದಿಲ್ಲ. ಪ್ರತಿ ಪ್ಯಾಕೆಟ್ ಮೇಲೂ ಎಲ್ಲಿಂದ, ಎಲ್ಲಿಗೆ ಅನ್ನುವ ಐಪಿ ವಿಳಾಸ ಇರುತ್ತದೆ. ದಾರಿಯಲ್ಲಿ ಒಂದು ಕಳೆದುಹೋದರೆ ಟಿಸಿಪಿ ಅನ್ನುವ ನಿಯಮಾವಳಿ ಅದನ್ನು ಗುರುತಿಸಿ ಮತ್ತೆ ಕಳಿಸುತ್ತದೆ, ಹಿಂದೆ ಮುಂದೆ ಆಗಿ ಬಂದರೆ ಸಾಲಾಗಿ ಜೋಡಿಸುತ್ತದೆ.

ಐಪಿ ಮತ್ತು ಮ್ಯಾಕ್ ವಿಳಾಸದ ನಡುವಿನ ವ್ಯತ್ಯಾಸ ಹೊಸಬರನ್ನು ಕಾಡುತ್ತದೆ. ಪ್ಯಾಕೆಟ್ ಕೊನೆಗೆ ಮುಟ್ಟಬೇಕಾದ ಜಾಗ ಐಪಿ. ಅದೇ ನೆಟ್‌ವರ್ಕ್‌ನಲ್ಲಿ ಈಗ ಯಾರ ಕೈಗೆ ಕೊಡಬೇಕು ಅನ್ನುವುದು ಮ್ಯಾಕ್. ಒಬ್ಬರಿಂದ ಒಬ್ಬರಿಗೆ ಕೈ ಬದಲಾದಾಗ ಮ್ಯಾಕ್ ಬದಲಾಗುತ್ತದೆ, ಹೋಗಬೇಕಾದ ಐಪಿ ಹಾಗೇ ಇರುತ್ತದೆ.

ಈಗ ವೈಫೈ ಗೆರೆ ತುಂಬಿದ್ದರೂ ಪೇಜ್ ತೆರೆಯದ ಕಥೆಗೆ ಬರೋಣ. ಆ ಗೆರೆಗಳು ನಿಮ್ಮಿಂದ ರೂಟರ್‌ವರೆಗಿನ ಸಿಗ್ನಲ್ ಮಾತ್ರ ಹೇಳುತ್ತವೆ, ರೂಟರ್ ಆಚೆ ಏನಾಗಿದೆ ಅಂತ ಅವಕ್ಕೆ ಗೊತ್ತಿಲ್ಲ. ಪ್ಯಾಕೆಟ್ ಎಲ್ಲಿವರೆಗೆ ಹೋಗುತ್ತಿದೆ ಅಂತ ನಾವೇ ಹೆಜ್ಜೆ ಹೆಜ್ಜೆಯಾಗಿ ಹುಡುಕಬೇಕು.

ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್‌ನಲ್ಲಿ ಒಂದೇ ಪದವಾಗಿ ಐಪಿಕಾನ್ಫಿಗ್ (ipconfig) ಅಂತ ಟೈಪ್ ಮಾಡಿ. ಐಪಿವಿ4 ವಿಳಾಸ 192.168 ಅಥವಾ 10 ಅಂತ ಶುರುವಾದರೆ ಸಾಮಾನ್ಯವಾಗಿ ಸರಿ ಇದೆ, ಇವು ಒಳಗಿನ ನೆಟ್‌ವರ್ಕ್‌ಗೆಂದೇ ಮೀಸಲಿಟ್ಟ ವಿಳಾಸಗಳು. 169.254 ಅಂತ ಶುರುವಾದರೆ ನಿಮ್ಮ ಕಂಪ್ಯೂಟರ್ ವಿಳಾಸ ಕೇಳಿದಾಗ ರೂಟರ್ ಉತ್ತರ ಕೊಟ್ಟಿಲ್ಲ, ಅದು ತಾನೇ ಒಂದು ಹಾಕಿಕೊಂಡು ಕೂತಿದೆ. ರೂಟರ್ ಆಫ್ ಮಾಡಿ ಆನ್ ಮಾಡಿ, ಕೇಬಲ್ ಸಡಿಲವಾಗಿದೆಯಾ ನೋಡಿ.

ವಿಳಾಸ ಸರಿ ಇದ್ದರೆ ಅಲ್ಲೇ ಕೆಳಗೆ ಡೀಫಾಲ್ಟ್ ಗೇಟ್‌ವೇ ಅಂತ ಇರುತ್ತದೆ, ಅದು ನಿಮ್ಮ ರೂಟರ್. ಪಿಂಗ್ (ping) ಅಂತ ಟೈಪ್ ಮಾಡಿ, ಒಂದು ಜಾಗ ಬಿಟ್ಟು ಆ ಸಂಖ್ಯೆ ಹಾಕಿ. ಉತ್ತರ ಬಂದರೆ ರೂಟರ್‌ವರೆಗೆ ದಾರಿ ಇದೆ. ಬರದಿದ್ದರೆ ವೈಫೈ ಅಥವಾ ಕೇಬಲ್ ಕಡೆ ನೋಡಿ. ಆಮೇಲೆ 8.8.8.8ಗೆ ಪಿಂಗ್ ಮಾಡಿ. ಇದು ಗೂಗಲ್‌ನ ಸರ್ವರ್ ವಿಳಾಸ. ಇಲ್ಲಿಂದ ಉತ್ತರ ಬಂದರೆ ಇಂಟರ್ನೆಟ್ ಇದೆ. ರೂಟರ್ ಉತ್ತರ ಕೊಟ್ಟು ಇದು ಕೊಡದಿದ್ದರೆ ತೊಂದರೆ ನಿಮ್ಮ ಕಂಪ್ಯೂಟರ್‌ನಲ್ಲಿ ಇರುವ ಸಾಧ್ಯತೆ ಕಡಿಮೆ, ರೂಟರ್‌ನ ಆಚೆ ಹುಡುಕಿ.

ಪಿಂಗ್ ತೋರಿಸುವ ಮಿಲಿಸೆಕೆಂಡನ್ನೂ ಗಮನಿಸಿ. ರೂಟರ್‌ನಿಂದ 1 ಮಿಲಿಸೆಕೆಂಡ್‌ನಲ್ಲಿ ಉತ್ತರ ಬಂತು ಅಂದರೆ ನಮ್ಮ ಹಿಗ್ಗಿಸಿದ ಲೆಕ್ಕದಲ್ಲಿ ಹನ್ನೊಂದೂವರೆ ದಿನ. ಭೂಮಿಯ ಇನ್ನೊಂದು ಬದಿಯ ಸರ್ವರ್‌ನಿಂದ 200 ಮಿಲಿಸೆಕೆಂಡ್ ಆದರೆ ಆರು ವರ್ಷಕ್ಕೂ ಜಾಸ್ತಿ! ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ, ಎಷ್ಟೇ ದುಡ್ಡು ಸುರಿದರೂ ಅದನ್ನು ಮೀರಿ ಡೇಟಾ ಓಡುವುದಿಲ್ಲ. ಕನೆಕ್ಷನ್‌ನ ವೇಗ ಬೇರೆ ವಿಷಯ. ಅದನ್ನು ಬಿಟ್‌ನಲ್ಲಿ ಹೇಳುತ್ತಾರೆ, ಫೈಲ್ ಬೈಟ್‌ನಲ್ಲಿ ಇರುತ್ತದೆ. 100 ಮೆಗಾಬಿಟ್ ಕನೆಕ್ಷನ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಬರುತ್ತದೆ, 1 ಬೈಟ್ ಅಂದರೆ 8 ಬಿಟ್, ಆದ್ದರಿಂದ 8ರಿಂದ ಭಾಗಿಸಿ.

ಕೊನೆಯ ಹೆಜ್ಜೆ, ಸಂಖ್ಯೆಯ ಬದಲು ಯಾವುದಾದರೂ ವೆಬ್‌ಸೈಟ್‌ನ ಹೆಸರಿಗೆ ಪಿಂಗ್ ಮಾಡಿ. 8.8.8.8 ಉತ್ತರ ಕೊಟ್ಟು, ಹೆಸರು ಮಾತ್ರ ಸಿಗಲಿಲ್ಲ ಅಂತ ಬಂದರೆ ತೊಂದರೆ ಡಿಎನ್‌ಎಸ್‌ನದ್ದು. ಹೆಸರನ್ನು ಐಪಿ ವಿಳಾಸಕ್ಕೆ ತಿರುಗಿಸಿ ಕೊಡುವ ವ್ಯವಸ್ಥೆ ಅದು, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ್ದು. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಸರ್ವರ್ ಅಂತ 8.8.8.8 ಅಥವಾ 1.1.1.1 ಹಾಕಿ, ಬ್ರೌಸರ್ ಮುಚ್ಚಿ ತೆರೆಯಿರಿ. ಹೆಸರು ಸಿಕ್ಕಿ, ಅದರ ಪಕ್ಕ ಸಂಖ್ಯೆಯೂ ಕಂಡು, ಪಿಂಗ್‌ಗೆ ಮಾತ್ರ ಉತ್ತರ ಬರದಿದ್ದರೆ ಡಿಎನ್‌ಎಸ್ ಮುಟ್ಟಬೇಡಿ. ಕೆಲವು ಸರ್ವರ್‌ಗಳು ಪಿಂಗ್‌ಗೆ ಉತ್ತರ ಕೊಡದಂತೆ ಇಟ್ಟಿರುತ್ತಾರೆ, ಇನ್ನೊಂದು ಹೆಸರು ಹಾಕಿ ನೋಡಿ.