ಒಲೆ ಲೆಕ್ಕ

ಪಾಂಡವಪುರ ತಾಲ್ಲೂಕಿನ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟವೊಂದು ತನ್ನ ಸದಸ್ಯರಿಗಾಗಿ ಸಣ್ಣದೊಂದು ಆರೋಗ್ಯ ಸಹಾಯ ನಿಧಿ ನಡೆಸುತ್ತದೆ. ಶಸ್ತ್ರಚಿಕಿತ್ಸೆಯಂತಹ ದೊಡ್ಡ ಖರ್ಚಿಗೆ ಯಶಸ್ವಿನಿ ಇದೆ, ಆಯುಷ್ಮಾನ್ ಕಾರ್ಡ್ ಇದೆ. ಆದರೆ ತಿಂಗಳು ತಿಂಗಳೂ ನುಂಗುವ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆ ಇವೆಲ್ಲ ಸೆರಗಿನ ಗಂಟಿನಿಂದಲೇ ಹೋಗಬೇಕು. ನಿಧಿ ಇರುವುದು ಅದಕ್ಕೆ. ಲೆಕ್ಕವೆಲ್ಲ ಮೂರು ದಪ್ಪ ರಿಜಿಸ್ಟರುಗಳಲ್ಲಿತ್ತು. ಅದನ್ನು ಕಂಪ್ಯೂಟರಿಗೆ ಹಾಕಿಕೊಡಲು ಒಂದು ಕಂಪನಿ ಕೇಳಿದ ದುಡ್ಡು ನಿಧಿಯ ವರ್ಷದ ವಂತಿಗೆಗಿಂತ ಹೆಚ್ಚಾಗಿತ್ತು. ಮೈಸೂರಿನಲ್ಲಿ ಕೂತು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ತಂತ್ರಾಂಶ ಬರೆದು ಹೊಟ್ಟೆ ಹೊರೆಯುವ ನನ್ನನ್ನು ಅಧ್ಯಕ್ಷೆ ಕರೆಸಿದ್ದು ಆಗ. ಅವರು ನನ್ನ ಚಿಕ್ಕಮ್ಮ. ಆಗುವುದಿಲ್ಲ ಎನ್ನುವ ಹಾಗಿರಲಿಲ್ಲ.

ಹುಡುಕಿದಾಗ ಸಿಕ್ಕಿದ್ದು ಓಪನ್‌ಐಎಂಐಎಸ್. ಟಾಂಜಾನಿಯಾದ ಸಮುದಾಯ ಆರೋಗ್ಯ ನಿಧಿಗಳಿಗಾಗಿ ಸ್ವಿಸ್ ಟ್ರಾಪಿಕಲ್ ಅಂಡ್ ಪಬ್ಲಿಕ್ ಹೆಲ್ತ್ ಇನ್‌ಸ್ಟಿಟ್ಯೂಟ್ ಮೊದಲು ರೂಪಿಸಿದ ತಂತ್ರಾಂಶ ಇದು. ಆಮೇಲೆ ಕ್ಯಾಮರೂನಿಗೆ, ನೇಪಾಳಕ್ಕೆ ಹೋಯಿತು. ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯ ಅಭಿವೃದ್ಧಿ ಸಂಸ್ಥೆಗಳ ಹಣದಿಂದ ಮುಕ್ತ ತಂತ್ರಾಂಶವಾಯಿತು. ನೇಪಾಳದ ರಾಷ್ಟ್ರೀಯ ಆರೋಗ್ಯ ವಿಮೆಯನ್ನು ಹೊತ್ತ ಬಂಡಿ ನಮ್ಮ ನಿಧಿಯನ್ನು ಹೊರಲಾರದೇ ಎಂದುಕೊಂಡೆ. ಹಿಂದೆ ಮೈಕ್ರೋಸಾಫ್ಟ್ ತಂತ್ರಜ್ಞಾನದ ಮೇಲೆ ನಿಂತಿದ್ದ ಇದನ್ನು ಬಿಡಿ ಬಿಡಿ ಮಾಡ್ಯೂಲುಗಳಾಗಿ ಪೈಥಾನಿನ ಜಾಂಗೋ ಮತ್ತು ರಿಯಾಕ್ಟ್ ಎಂಬ ಸಲಕರಣೆಗಳಲ್ಲಿ ಹೊಸದಾಗಿ ಕಟ್ಟಿದ್ದಾರೆ. ಹಾಗಾಗಿ ಒಳಗೆ ಕೈಹಾಕುವ ಧೈರ್ಯ ನನಗಿತ್ತು. ಡಾಕರ್ ಎಂಬ ಸಲಕರಣೆ ಬಳಸಿ ಅನುಸ್ಥಾಪಿಸಿದ ಕಥೆಯಲ್ಲಿ ಹೇಳುವಂಥದ್ದು ಏನೂ ಇಲ್ಲ. ನನ್ನ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಟ್ಟಿತು, ಬಾಡಿಗೆ ಸರ್ವರ್ ತೆಗೆದುಕೊಂಡೆ, ಅಷ್ಟೆ.

ಇದರಲ್ಲಿ ಸ್ಥಳಗಳಿಗೆ ನಾಲ್ಕು ಹಂತಗಳು: ಪ್ರಾಂತ್ಯ, ಜಿಲ್ಲೆ, ವಾರ್ಡ್, ಹಳ್ಳಿ. ನಮಗೆ ಹೇಳಿ ಮಾಡಿಸಿದಂತಿತ್ತು: ಜಿಲ್ಲೆ, ತಾಲ್ಲೂಕು, ಗ್ರಾಮ ಪಂಚಾಯಿತಿ, ಊರು. ಹೋಬಳಿಯನ್ನು ಕೈಬಿಟ್ಟಿದ್ದಕ್ಕೆ ನಿವೃತ್ತ ಗ್ರಾಮಲೆಕ್ಕಿಗರೊಬ್ಬರು ನನ್ನ ಮೇಲೆ ಇಂದಿಗೂ ಮುನಿಸಿಕೊಂಡಿದ್ದಾರೆ.

ಹೆಸರುಗಳು ಇಷ್ಟು ಸುಲಭಕ್ಕೆ ಬಗ್ಗಲಿಲ್ಲ. ತಂತ್ರಾಂಶ ಕುಟುಂಬದ ಹೆಸರು ಬೇರೆ, ಉಳಿದ ಹೆಸರು ಬೇರೆ ಕೇಳುತ್ತದೆ, ಎರಡನ್ನೂ ತುಂಬಬೇಕು. ಮಂಡ್ಯದ ಜಯಮ್ಮನಿಗೆ ಎಲ್ಲಿಯ ಕುಟುಂಬದ ಹೆಸರು? ನೋಂದಣಿಗೆ ಹೊರಟ ಹುಡುಗಿಯರಲ್ಲಿ ಒಬ್ಬಳು ಅಲ್ಲಿ ಗಂಡನ ಹೆಸರು ಬರೆದಳು, ಇನ್ನೊಬ್ಬಳು ಇನಿಷಿಯಲ್ ಹಾಕಿದಳು, ಮತ್ತೊಬ್ಬಳು ಎಲ್ಲರಿಗೂ ಗೌಡ ಎಂದು ಸೇರಿಸಿಬಿಟ್ಟಳು. ಮೊದಲ ವಾರದ ಮಾಹಿತಿಯನ್ನು ಪೂರ್ತಿ ಅಳಿಸಿದೆ. ಆಧಾರ್‌ನಲ್ಲಿರುವ ಹೆಸರು ಒಂದು ಕಡೆ, ಇನಿಷಿಯಲ್ ಇನ್ನೊಂದು ಕಡೆ ಎಂದು ತೀರ್ಮಾನಿಸಿದೆವು. ಇದರಿಂದ ಕುಟುಂಬದ ಹೆಸರು ಹಿಡಿದು ಹುಡುಕುವುದು ದಂಡವಾಯಿತು. ಕಾರ್ಡಿನ ಮೇಲಿನ ಸದಸ್ಯ ಸಂಖ್ಯೆ ಹಿಡಿದೇ ಹುಡುಕಬೇಕು.

ಆ ಸಂಖ್ಯೆಯ ಉದ್ದವನ್ನೂ, ತಪ್ಪು ಹಿಡಿಯುವ ಕೊನೆಯ ಅಂಕಿಯನ್ನೂ ನಾವೇ ಗೊತ್ತುಮಾಡಬಹುದು. ನಾನು 9 ಅಂಕಿ ಇಟ್ಟು, ಮೊದಲ ಎಂಟನ್ನು 7ರಿಂದ ಭಾಗಿಸಿದಾಗ ಬರುವ ಶೇಷವೇ ಒಂಬತ್ತನೆಯದು ಎಂದು ಮಾಡಿದೆ. ಬರೆಯುವಾಗ ಆಗುವ ಹೆಚ್ಚಿನ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ. ಆದರೆ 0 ಇರುವ ಕಡೆ 7, 1 ಇರುವ ಕಡೆ 8, 2 ಇರುವ ಕಡೆ 9 ಬರೆದರೆ ಸಿಗುವುದಿಲ್ಲ, ಏಕೆಂದರೆ ಈ ಜೋಡಿಗಳ ನಡುವಿನ ಅಂತರ ಸರಿಯಾಗಿ 7. ಇದು ನನಗೆ ಹೊಳೆದದ್ದು ಕಾರ್ಡುಗಳೆಲ್ಲ ಅಚ್ಚಾಗಿ ಬಂದ ಮೇಲೆ.

ಅನುವಾದದಲ್ಲಿಯೂ ಮುಖಭಂಗವಾಯಿತು. ಕ್ಲೇಮ್ ಎನ್ನುವುದಕ್ಕೆ ನಿಘಂಟು ನೋಡಿ ‘ಹಕ್ಕುಸಾಧನೆ’ ಎಂದು ಹಾಕಿದ್ದೆ. ಗುಮಾಸ್ತೆ ಓದಿ, “ಅಣ್ಣ, ಇದೇನು ಕೋರ್ಟ್ ಕೇಸೇ?” ಎಂದಳು. ಈಗ ಅದು ‘ಬಿಲ್ಲು’. ವಿಮೆ ಎಂಬ ಪದವನ್ನಂತೂ ತೆರೆಯಿಂದಲೇ ತೆಗೆದೆ. ವಿಮೆ ಮಾರಲು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಪರವಾನಗಿ ಬೇಕು. ನಮ್ಮದು ಸದಸ್ಯರ ಸಹಾಯ ನಿಧಿ, ಹಾಗೆಂದೇ ಕಾಣಬೇಕು. ವಂತಿಗೆ ಪೂರ್ತಿ ಬರುವ ತನಕ ನೋಂದಣಿ ‘ಐಡಲ್’ ಎಂದು ಮಲಗಿರುತ್ತದೆ. ಅದನ್ನು ‘ಹಣ ಬಾಕಿ’ ಮಾಡಿದೆ. ಹಾಲಿನ ಬಟವಾಡೆಯಾದ ಮರುದಿನ ಆ ಪಟ್ಟಿ ಕರಗುವುದನ್ನು ನೋಡುವುದೇ ಒಂದು ಖುಷಿ.

ಬಿಲ್ಲು ಒಳಗೆ ಹೋದ ಕೂಡಲೇ ತಂತ್ರಾಂಶ ಅಡ್ಡಪ್ರಶ್ನೆ ಹಾಕುತ್ತದೆ. ಈ ಮಾತ್ರೆ ಒಟ್ಟು ಪಟ್ಟಿಯಲ್ಲಿದೆಯೇ? ಈ ಕ್ಲಿನಿಕ್ಕಿನ ದರಪಟ್ಟಿಯಲ್ಲಿದೆಯೇ? ಆ ದಿನ ರೋಗಿಯ ನೋಂದಣಿ ಚಾಲ್ತಿಯಲ್ಲಿತ್ತೇ? ಒಂದು ಸಲ ಹೊಸ ಸಕ್ಕರೆ ಮಾತ್ರೆಯೊಂದನ್ನು ಒಟ್ಟು ಪಟ್ಟಿಗೆ ಸೇರಿಸಿ, ಕ್ಲಿನಿಕ್ಕಿನ ದರಪಟ್ಟಿಗೆ ಸೇರಿಸುವುದನ್ನು ಮರೆತೆ. ಆ ವಾರ ಆ ಮಾತ್ರೆ ಬಿಲ್ಲಿನಲ್ಲಿ ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ‘ತಿರಸ್ಕೃತ’. ಔಷಧ ಕೊಡುವವರು ಫೋನ್ ಮಾಡಿ ಬೈದರು, ನ್ಯಾಯವಾಗಿಯೇ ಬೈದರು.

ಇಷ್ಟೆಲ್ಲ ಒಂದು ತೂಕವಾದರೆ, ‘ಕುಟುಂಬ’ ಎಂಬ ಒಂದು ಪದವೇ ಇನ್ನೊಂದು ತೂಕ. ಓಪನ್‌ಐಎಂಐಎಸ್‌ನಲ್ಲಿ ಕುಟುಂಬಕ್ಕೆ ಒಬ್ಬ ಮುಖ್ಯಸ್ಥರಿರುತ್ತಾರೆ, ಅವರ ಕೆಳಗೆ ಉಳಿದವರು. ನೋಂದಣಿ ಇಡೀ ಕುಟುಂಬದ್ದು. ನಮ್ಮ ಕಡೆ ಒಂದೇ ಸೂರು, ಒಂದೇ ರೇಷನ್ ಕಾರ್ಡ್, ಒಂದೇ ಪಹಣಿ ಇದ್ದೂ ಅಣ್ಣತಮ್ಮಂದಿರು ಬೇರೆಯಾಗಿರುತ್ತಾರೆ. ಕಾರ್ಡ್ ನೋಡಿ ಬರೆದರೆ ಒಂದು ಕುಟುಂಬ, ಮಾತಾಡಿಸಿದರೆ ಎರಡು. ಒಂದು ಮನೆಯಲ್ಲಿ ಅಣ್ಣ ಕಟ್ಟಿದ ವಂತಿಗೆಯಲ್ಲಿ ತಮ್ಮನ ಹೆಂಡತಿ ಮಾತ್ರೆ ತಂದಳೆಂದು ಜಗಳವೇ ಆಯಿತು. ಕೊನೆಗೆ ದಾರಿ ತೋರಿಸಿದವರು ಚಿಕ್ಕಮ್ಮ. “ಎಷ್ಟು ಜನ ಎಂದು ಕೇಳಬೇಡ, ಒಲೆ ಎಷ್ಟು ಎಂದು ಕೇಳು,” ಎಂದರು. ಅಂದಿನಿಂದ ನಮ್ಮ ಅರ್ಜಿಯ ಮೊದಲ ಪ್ರಶ್ನೆ ಅದೇ. ಒಲೆಗೊಂದು ಕುಟುಂಬ, ಒಲೆಗೊಂದು ವಂತಿಗೆ. ಮಾಹಿತಿಯೆಲ್ಲ ಕೂತಿರುವ ದತ್ತಸಂಚಯವಾದ ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲನ್ನೂ ಬದಲಿಸಬೇಕಾಗಿ ಬರಲಿಲ್ಲ.

ಒಲೆ ಲೆಕ್ಕಕ್ಕೂ ಸಿಗದವರು ಒಬ್ಬರಿದ್ದರು. ಎಪ್ಪತ್ತು ದಾಟಿದ ಅಜ್ಜಿ. ಒಂದು ತಿಂಗಳು ದೊಡ್ಡ ಮಗನ ಮನೆಯಲ್ಲಿ ಊಟ, ಮರು ತಿಂಗಳು ಚಿಕ್ಕವನಲ್ಲಿ. ಒಬ್ಬರನ್ನು ಎರಡು ಕುಟುಂಬಗಳಲ್ಲಿ ಇಡಲು ತಂತ್ರಾಂಶ ಬಿಡುವುದಿಲ್ಲ. ತಿಂಗಳಿಗೊಮ್ಮೆ ಆಚೆ ಈಚೆ ಮಾಡೋಣವೆಂದರೆ ನೋಂದಣಿ, ಬಿಲ್ಲು ಎಲ್ಲ ಕಲಸುಮೇಲೋಗರ. ಸಭೆಯಲ್ಲಿ ಅರ್ಧ ಗಂಟೆ ಚರ್ಚೆ ನಡೆಯಿತು. ಅಜ್ಜಿಯನ್ನೇ ಒಂದು ಕುಟುಂಬ ಮಾಡುವುದು, ವಂತಿಗೆಯಲ್ಲಿ ಇಬ್ಬರು ಮಕ್ಕಳದೂ ಅರ್ಧರ್ಧ ಎಂದಾಯಿತು. ಒಂದೇ ನೋಂದಣಿಗೆ ಎರಡು ರಸೀದಿ ಹಾಕಲು ಅಡ್ಡಿಯಿಲ್ಲ.

ಫೋಟೊ ತೆಗೆದು ಮೊಬೈಲಿನಲ್ಲಿ ತೋರಿಸಿದೆ. ಹೆಸರಿನ ಕೆಳಗೆ ‘ಕುಟುಂಬದ ಮುಖ್ಯಸ್ಥೆ’ ಎಂದಿತ್ತು. ಮೊಮ್ಮಗಳು ಓದಿ ಹೇಳಿದಾಗ ಅಜ್ಜಿ, “ಯಾರ ಮೇಲೆ ಯಜಮಾನಿಕೆ ಮಾಡಲಿ, ಬೆಕ್ಕಿನ ಮೇಲೆಯೇ?” ಎಂದು ನಕ್ಕು, ಕಾರ್ಡನ್ನು ಎಲೆಅಡಿಕೆ ಚೀಲಕ್ಕೆ ಸೇರಿಸಿಕೊಂಡರು. ದೊಡ್ಡವನ ಅರ್ಧ ಅಂದೇ ಬಂತು. ಚಿಕ್ಕವನದು ಮುಂದಿನ ಬಟವಾಡೆಗೆ ಎಂದಿದ್ದಾನೆ. ಅಲ್ಲಿಯವರೆಗೆ ಅವರ ಹೆಸರಿನ ಮುಂದೆ ‘ಹಣ ಬಾಕಿ’.